ಕಾರ್ವೆಟ್ ಗಾಡಿಯ ಎಂಜಿನ್ ತಂತಿಗಳು: ಮೂಲಪಾಠದ ಒಂದು ವಿಚಾರ

ಹಳೆಯ ಕಾವ್ಯವೊಂದನ್ನು ಪರಿಷ್ಕರಿಸಿ ಅಚ್ಚಿಗೆ ಕೊಡಲು ಹೊರಟವನು ತನ್ನ ಮುಂದಿರುವ ಓಲೆಯ ಪ್ರತಿಗಳನ್ನು ಬಿಚ್ಚಿಕೊಂಡು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಒಂದೇ: ಕವಿಯ ಕೈಯಿಂದ ಹೊರಟಾಗ ಈ ಪದ್ಯವು ಹೇಗಿದ್ದಿತು? ಕವಿಯ ಸ್ಥಾನದಲ್ಲಿ ಒಂದು ಕಾರ್ಖಾನೆಯನ್ನೂ ಪದ್ಯದ ಸ್ಥಾನದಲ್ಲಿ ಒಂದು ಮೋಟಾರು ಗಾಡಿಯನ್ನೂ ಇಟ್ಟುಕೊಂಡು ಇದೇ ಪ್ರಶ್ನೆಯನ್ನು ಅಮೆರಿಕಾ ದೇಶದಲ್ಲಿ ಐವತ್ತು ವರ್ಷಗಳಿಂದ ಕೇಳುತ್ತ ಬಂದಿರುವವರುಂಟು. ಅವರ ವಾದಗಳನ್ನು ಕೇವಲ ಕುತೂಹಲದಿಂದ ಓದತೊಡಗಿದ ನನಗೆ ಗ್ರಂಥಸಂಪಾದನೆಯ ಅನೇಕ ತೊಡಕುಗಳು ಅಲ್ಲಿ ಬೇರೆ ವೇಷದಲ್ಲಿ ಎದುರಾದುವು. ಅದರಲ್ಲಿಯೂ ಎಂಜಿನ್ನಿನ ಸುತ್ತಣ ವಿದ್ಯುತ್ತಂತಿಗಳ ವಿಷಯದಲ್ಲಿ ಅವರು ನಡೆಸಿರುವ ಚರ್ಚೆಯು ನಮ್ಮ ಕೆಲಸಕ್ಕೆ ಬಹಳ ಸಮೀಪವಾದುದು. ಯಂತ್ರದ ಮಾತಿಗೆ ಈ ಪತ್ರಿಕೆಯಲ್ಲಿ ಎಡೆಯೇಕೆಂದು ಹುಬ್ಬೇರಿಸುವ ವಾಚಕರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕೆಂದು ಬೇಡುತ್ತೇನೆ.

ವಿಷಯವನ್ನು ಒಂದೇ ಗಾಡಿಗೆ ಮಿತಿಗೊಳಿಸುವುದು ಒಳ್ಳೆಯದು. ಅದು ಜನರಲ್ ಮೋಟರ್ಸ್ ಸಂಸ್ಥೆಯ ಷೆವ್ರೊಲೆ ವಿಭಾಗದವರು ತಯಾರಿಸಿದ ಕಾರ್ವೆಟ್ ಎಂಬ ಎರಡಾಸನದ ಓಟದ ಗಾಡಿ. ಕಾಲ, ೧೯೫೩ರಿಂದ ೧೯೬೭ರ ವರೆಗೆ. ಈ ಗಾಡಿಯನ್ನು ಮೊತ್ತಮೊದಲು ಜನರು ಕಂಡದ್ದು ೧೯೫೩ನೆಯ ಜನವರಿಯಲ್ಲಿ, ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟಲಿನಲ್ಲಿ ನಡೆದ ಪ್ರದರ್ಶನದಲ್ಲಿ. ಅದೇ ವರ್ಷ ಜೂನ್ ೩೦ರಂದು ಮಿಷಿಗನ್ ಪ್ರಾಂತದ ಫ್ಲಿಂಟ್ ಊರಿನಲ್ಲಿ ತಯಾರಿಕೆ ಮೊದಲಾಯಿತು. ಆ ವರ್ಷ ಕಟ್ಟಿದ ಗಾಡಿಗಳು ೩೦೦ ಮಾತ್ರ. ಮಾರನೆಯ ವರ್ಷದಿಂದ ಕೆಲಸವು ಮಿಸ್ಸೂರಿ ಪ್ರಾಂತದ ಸೇಂಟ್ ಲೂಯಿ ನಗರಕ್ಕೆ ಹೋಗಿ, ೧೯೮೧ರ ತನಕ ಅಲ್ಲಿಯೇ ನಡೆಯಿತು.

ಈ ಗಾಡಿಯ ಮೈ ಉಕ್ಕಿನದಲ್ಲ. ಗಾಜಿನ ನಾರನ್ನು ರಾಳದಲ್ಲಿ ತೊಯ್ಯಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ, ಫೈಬರ್‌ಗ್ಲಾಸ್ ಎಂಬ ವಸ್ತುವಿನದು. ಓಹಾಯೋ ಪ್ರಾಂತದ ಆಷ್ಟಬ್ಯೂಲಾ ಊರಿನ ಕಂಪನಿಯೊಂದು ಈ ಹಲಗೆಗಳನ್ನು ಮಾಡಿ ಒದಗಿಸುತ್ತಿದ್ದಿತು. ಗಾಡಿಯ ಎಲ್ಲ ವಿಶೇಷಗಳಿಗೂ, ನಾವು ಎತ್ತಿಕೊಂಡಿರುವ ತಂತಿಗಳ ತೊಡಕಿಗೂ ಮೂಲಕಾರಣ ಇದೇ ಆಗಿದೆ. ಅದು ಹೇಗೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇದು ತಿಳಿಯದಿದ್ದರೆ ಮುಂದಿನ ವಾದವು ತಿಳಿಯುವಂತಿಲ್ಲ.

ಸಾಮಾನ್ಯವಾದ ಮೋಟಾರಿನಲ್ಲಿ ಬ್ಯಾಟರಿಯಿಂದ ಒಂದು ದೀಪಕ್ಕೆ ಒಂದೇ ತಂತಿ ಹೋಗುತ್ತದೆ. ವಿದ್ಯುತ್ತು ಮರಳಿ ಬರುವುದಕ್ಕೆ ಬೇರೆ ತಂತಿ ಬೇಕಾಗುವುದಿಲ್ಲ. ಗಾಡಿಯ ಉಕ್ಕಿನ ಮೈಯೇ ಮರಳುದಾರಿ. ಇದನ್ನು ಕೆಲಸಗಾರರು ಅರ್ತ್ ಎನ್ನುತ್ತಾರೆ. ಗಾಜುನಾರಿನ ಮೈಯಲ್ಲಿ ವಿದ್ಯುತ್ತು ಹರಿಯದು. ಆದುದರಿಂದ ಕಾರ್ವೆಟ್ ಗಾಡಿಯ ಮೈಗೆ ಕೂಡಿಸಿದ ಒಂದೊಂದು ದೀಪಕ್ಕೂ ಒಂದೊಂದು ಸಲಕರಣೆಗೂ ಹೋಗುವ ತಂತಿಯಲ್ಲದೆ ಮರಳುವ ಕರಿಯ ತಂತಿಯೂ ಬೇಕಾಯಿತು. ಈ ಕರಿಯ ತಂತಿಗಳು ಅಡಿಯ ಉಕ್ಕಿನ ಚೌಕಟ್ಟಿಗೆ ಹೋಗಿ ಸೇರಬೇಕು. ಎಂಜಿನ್ನನ್ನೂ ಪಟ್ಟಿಯೊಂದರಿಂದ ಅದೇ ಚೌಕಟ್ಟಿಗೆ ಕಟ್ಟಬೇಕು. ಉಕ್ಕಿನ ಗಾಡಿಗಳನ್ನು ರಿಪೇರಿ ಮಾಡಿ ಕೈ ಪಳಗಿದವನು ಇವುಗಳಲ್ಲಿ ಒಂದು ತಂತಿ ತುಂಡಾದುದನ್ನು ಕಂಡರೆ, ಇದೇನೋ ಹೆಚ್ಚಿನದೆಂದು ಹಾಗೆಯೇ ಬಿಟ್ಟುಬಿಡುವುದು ಸಂಭವ. ಹಳಗನ್ನಡವನ್ನರಿಯದ ಲಿಪಿಕಾರನು ತನಗೆ ತಿಳಿಯದ ಅಕ್ಷರವನ್ನು ಬಿಟ್ಟು ಮುಂದೆ ಹೋಗುವ ಹಾಗೆ.

ಎರಡನೆಯ ಪರಿಣಾಮವು ಇನ್ನೂ ಸೂಕ್ಷ್ಮವಾದುದು. ಎಂಜಿನ್ನಿನಲ್ಲಿ ಕಿಡಿ ಹಾರಿದಾಗಲೆಲ್ಲ ಅದರಿಂದ ವಿದ್ಯುತ್ಕಾಂತ ತರಂಗಗಳು ಹೊರಡುತ್ತವೆ. ಉಕ್ಕಿನ ಮುಚ್ಚಳ, ಉಕ್ಕಿನ ಮೈ ಇದ್ದರೆ ಅವು ಬಹುಮಟ್ಟಿಗೆ ಒಳಗೇ ಅಡಗುತ್ತವೆ. ಗಾಜುನಾರು ಅವನ್ನು ತಡೆಯುವುದಿಲ್ಲ; ನೇರವಾಗಿ ರೇಡಿಯೋದೊಳಗೆ ಹೊಕ್ಕು ಸಂಗೀತದ ಮೇಲೆ ಪಟಪಟ ಶಬ್ದ ಮಾಡುತ್ತವೆ. ತಮಾಷೆಯೆಂದರೆ, ಇದೇ ಗುಣವನ್ನು ಕಾರ್ಖಾನೆಯವರು ಬೇರೊಂದು ಕಡೆ ಲಾಭಕ್ಕೆ ತಿರುಗಿಸಿಕೊಂಡಿದ್ದರು. ೧೯೫೩ರಿಂದ ೧೯೫೫ರ ವರೆಗಿನ ಗಾಡಿಗಳಲ್ಲಿ ರೇಡಿಯೋವಿನ ಆಂಟೆನಾ ಹೊರಗೆ ಕಾಣಿಸುವುದಿಲ್ಲ. ಹಿಂದುಗಡೆಯ ಪೆಟ್ಟಿಗೆಯ ಮುಚ್ಚಳದ ಗಾಜುನಾರಿನೊಳಗೆ ಲೋಹದ ಜಾಲರಿಯಾಗಿ ಹುದುಗಿದೆ. ತರಂಗಕ್ಕೆ ದಾರಿ ಕೊಡುವ ಮೈ ಹಾಡಿಗೂ ದಾರಿ ಕೊಟ್ಟಿತು, ಗದ್ದಲಕ್ಕೂ ದಾರಿ ಕೊಟ್ಟಿತು. ಗದ್ದಲವನ್ನಡಗಿಸಲು ಡಿಸ್ಟ್ರಿಬ್ಯೂಟರಿನ ಮೇಲೆಯೂ ಅಲ್ಲಿಂದ ಸ್ಪಾರ್ಕ್ ಪ್ಲಗ್ಗುಗಳಿಗೆ ಇಳಿಯುವ ತಂತಿಗಳ ಮೇಲೆಯೂ ಲೋಹದ ಕವಚಗಳನ್ನು ತೊಡಿಸಬೇಕಾಯಿತು. ಕ್ರೋಮಿಯಂ ಮೆರುಗಿನ ಈ ಕವಚಗಳನ್ನು ಕಂಡ ಇಂದಿನ ಪ್ರೇಕ್ಷಕನು ಶೋಭೆಗಾಗಿ ಇಟ್ಟವೆಂದು ತಿಳಿಯುತ್ತಾನೆ. ಅವು ಅಲಂಕಾರವಲ್ಲ, ರೇಡಿಯೋವಿನ ಸಲುವಾಗಿ ಬಂದುವು.

೧೯೫೫ರಲ್ಲಿ ಈ ಗಾಡಿಗೆ ವಿ ಆಕಾರದ ಎಂಟು ಸಿಲಿಂಡರಿನ ಎಂಜಿನ್ ಬಂದಿತು. ಅದರೊಡನೆ ಹನ್ನೆರಡು ವೋಲ್ಟಿನ ವ್ಯವಸ್ಥೆಯೂ ಬಂದಿತು. ಹಿಂದಿನ ಆರು ಸಿಲಿಂಡರಿನ ಎಂಜಿನ್ನಿಗೆ ಆರು ವೋಲ್ಟೇ ಇದ್ದಿತು. ಹೊಸ ಎಂಜಿನ್ನಿನಲ್ಲಿ ಕಿಡಿ ಹಾರುವ ಅನುಕ್ರಮ ೧-೮-೪-೩-೬-೫-೭-೨ ಎಂದು. ಎಡಗಡೆಯ ಸಾಲಿನಲ್ಲಿ ೧, ೩, ೫, ೭ನೆಯ ಸಿಲಿಂಡರುಗಳಿವೆ. ಅನುಕ್ರಮವನ್ನು ಮತ್ತೊಮ್ಮೆ ನೋಡಬೇಕು: ೫ ಮತ್ತು ೭, ಒಂದರ ಪಕ್ಕದಲ್ಲಿ ಒಂದು ಇರುವುವು, ಒಂದರ ಹಿಂದೆಯೇ ಒಂದು ಕಿಡಿ ಪಡೆಯುವುವು. ಇವೆರಡರ ತಂತಿಗಳು ಬಹು ದೂರ ಜೊತೆಜೊತೆಯಾಗಿ ಹೋದರೆ, ಐದರ ತಂತಿಯಲ್ಲಿ ಹರಿದ ವಿದ್ಯುತ್ತು ಏಳರ ತಂತಿಯಲ್ಲಿಯೂ ಪ್ರೇರಿತವಾಗಿ, ಏಳನೆಯ ಸಿಲಿಂಡರಿನಲ್ಲಿ ಅಕಾಲದಲ್ಲಿ ಕಿಡಿ ಹಾರಬಹುದು. ಆದುದರಿಂದ ಅವನ್ನು ಅಗಲಿಸಿ ಒಯ್ಯಬೇಕೆಂಬುದು ಬಲ್ಲವರ ನಿಯಮ. ಅಂದವನ್ನೇ ಬಯಸುವ ಜೀರ್ಣೋದ್ಧಾರಕನು ಏನು ಮಾಡುತ್ತಾನೆ? ೧, ೩, ೫, ೭ ಎಂದು ಎಣಿಕೆಯ ಕ್ರಮದಲ್ಲಿ ನಾಲ್ಕು ತಂತಿಗಳನ್ನೂ ಗೆರೆ ಎಳೆದಂತೆ ಕೂರಿಸುತ್ತಾನೆ. ನೋಡಲು ಬಲು ಚೆಲುವು; ಗಾಡಿ ಮಾತ್ರ ಏರಿನಲ್ಲಿ ಕೆಮ್ಮುತ್ತದೆ. ಛಂದಸ್ಸು ಎಡವುತ್ತದೆಂದು ತಿಳಿದು ಪದ್ಯವನ್ನು ನೇರ್ಪಡಿಸಿ ಅರ್ಥವನ್ನು ಕೆಡಿಸಿದ ಪರಿಷ್ಕರ್ತರು ನಮ್ಮಲ್ಲಿಯೂ ಇಲ್ಲದಿಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಕವಚವು ರೇಡಿಯೋವಿಗಾಗಿ ಬಂದುದಾದರೆ, ರೇಡಿಯೋ ಇಲ್ಲದ ಗಾಡಿಗೆ ಕವಚವೇಕೆ? ಕಾರ್ಖಾನೆಯವರೂ ಹಾಗೆಯೇ ಯೋಚಿಸಿದರು. ೧೯೫೭ರಲ್ಲಿ ಪಂದ್ಯಗಳಿಗಾಗಿಯೇ ಸಿದ್ಧಪಡಿಸಿದ ಒಂದು ಬಗೆಯ ಗಾಡಿಯನ್ನು ಅವರು ಮಾರಾಟಕ್ಕೆ ತಂದರು. ಅದರಲ್ಲಿ ಇಂಧನವನ್ನು ಚಿಮ್ಮಿಸಿ ಒದಗಿಸುವ ಏರ್ಪಾಡು ಇದ್ದಿತು. ತಣ್ಣನೆಯ ಹೊರಗಾಳಿಯನ್ನು ಎಂಜಿನ್ನಿಗೆ ಒಯ್ಯುವ ಪೆಟ್ಟಿಗೆಯಿದ್ದಿತು. ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮಾಪಕವನ್ನು ಚುಕ್ಕಾಣಿಯ ಕಂಬದ ಮೇಲೆ ಕೂರಿಸಿದ್ದರು. ರೇಡಿಯೋ ಇಲ್ಲ, ಬೆಚ್ಚಗಿಡುವ ಸಲಕರಣೆಯೂ ಇಲ್ಲ. ಇಂಥವು ಕಟ್ಟಲ್ಪಟ್ಟುದು ೪೩ ಮಾತ್ರ. ರೇಡಿಯೋ ಇಲ್ಲದುದರಿಂದ ಕವಚವನ್ನು ತೆಗೆದುಹಾಕಿದರು. ಕವಚ ಹೋದುದರಿಂದ ತಂತಿಗಳು ಅದರ ದಾರಿಯಲ್ಲೇ ಸಾಗಬೇಕೆಂಬ ಕಟ್ಟು ತಪ್ಪಿತು. ಇತರ ಗಾಡಿಗಳಲ್ಲಿ ಕಾದ ಹೊಗೆಗೊಳವೆಗಳ ಬಳಿ ನುಸುಳಿ ಹೋಗುತ್ತಿದ್ದ ಪ್ಲಗ್ಗಿನ ತಂತಿಗಳನ್ನು ಇವುಗಳಲ್ಲಿ ಆ ಬಿಸಿಯಿಂದ ದೂರಮಾಡಿ, ಕವಾಟದ ಮುಚ್ಚಳಗಳ ಮೇಲುಗಡೆಯಿಂದ ಒಯ್ದರು. ಒಂದು ರೇಡಿಯೋವಿನ ಅಭಾವವು ಎಂಟು ತಂತಿಗಳ ದಾರಿಯನ್ನೇ ಬದಲಿಸಿತು.

ಇಲ್ಲಿ ಅಭಾವವೂ ಒಂದು ಪಾಠವಾಗಿದೆಯೆಂಬುದನ್ನು ವಾಚಕರು ಗಮನಿಸಬೇಕು. ಅಂಥ ಗಾಡಿಯೊಂದು ಮೂವತ್ತು ವರ್ಷಗಳ ಬಳಿಕ, ಹಲವು ಕೈ ಬದಲಾಗಿ, ಒಬ್ಬ ಶ್ರದ್ಧಾವಂತನ ಕೊಟ್ಟಿಗೆಯನ್ನು ಸೇರಿತೆಂದು ಭಾವಿಸೋಣ. ಆತನು ನೂರು ಕಾರ್ವೆಟ್‌ಗಳನ್ನು ನೋಡಿ ಬಲ್ಲವನು. ನೂರರಲ್ಲಿಯೂ ಕವಚವಿದೆ, ಇದರಲ್ಲಿಲ್ಲ. ಯಾರೋ ಕಳೆದಿದ್ದಾರೆಂದು ಮರುಗಿ, ಎಲ್ಲಿಂದಲೋ ಬೆಲೆಬಾಳುವ ಹಳೆಯ ಕವಚಗಳನ್ನು ಸಂಪಾದಿಸಿ, ತಂತಿಗಳನ್ನು ಕೆಳಗಿಳಿಸಿ, ಎಲ್ಲವನ್ನೂ ಸರಿಮಾಡುತ್ತಾನೆ. ಕವಚಗಳು ಅಸಲು, ತಂತಿ ಸಾಗಿದ ದಾರಿ ಇತರ ಗಾಡಿಗಳ ಮಟ್ಟಿಗೆ ಅಸಲು, ಈ ಗಾಡಿಯಲ್ಲಿ ಮಾತ್ರ ಎರಡೂ ಪ್ರಕ್ಷಿಪ್ತ. ಬಹುಸಂಖ್ಯೆಯ ಪ್ರತಿಗಳಲ್ಲಿರುವುದೇ ಶುದ್ಧಪಾಠವೆಂದು ಎಣಿಸಿ ಅಪೂರ್ವ ಪಾಠವನ್ನು ಅಳಿಸುವ ದೋಷವು ಇದಕ್ಕಿಂತ ಬೇರೆಯಲ್ಲ. ಗ್ರಂಥಸಂಪಾದಕನಾದರೂ ತಿರಸ್ಕರಿಸಿದ ಪಾಠವನ್ನು ಅಡಿಯಲ್ಲಿ ಕೊಡುತ್ತಾನೆ. ಗಾಡಿಗೆ ಅಡಿಟಿಪ್ಪಣಿಯ ಸ್ಥಳವಿಲ್ಲ. ತೆಗೆದ ಮೇಲೆ ಹೋಯಿತು.

ಇದರಲ್ಲಿ ಹಣದ ಮಾತೂ ಸೇರಿಕೊಂಡಿದೆ. ೧೯೬೭ರಲ್ಲಿ ಎಲ್-೮೮ ಎಂಬ ಹೆಸರಿನ, ಪಂದ್ಯದ ಎಂಜಿನ್ನಿದ್ದ ೨೦ ಕಾರ್ವೆಟ್‌ಗಳನ್ನು ಮಾತ್ರ ಕಟ್ಟಿದರು. ಅವುಗಳಿಗೂ ರೇಡಿಯೋ ಇಲ್ಲ, ಬೆಚ್ಚಗಿಡುವ ಸಲಕರಣೆ ಇಲ್ಲ. ಆದುದರಿಂದ ಕವಚವೂ ಇಲ್ಲ. ಅವುಗಳಲ್ಲೊಂದು ೨೦೧೪ನೆಯ ಜನವರಿಯಲ್ಲಿ ಅರಿಜೋನಾದ ಹರಾಜಿನಲ್ಲಿ ೩೮,೫೦,೦೦೦ ಡಾಲರಿಗೆ ಮಾರಾಟವಾಯಿತು. ಅಷ್ಟು ಬೆಲೆಯ ವಸ್ತುವಿಗೆ ನಕಲು ಹುಟ್ಟದೆ ಇರುವುದು ಲೋಕದಲ್ಲಿ ಕಂಡರಿಯದ ಸಂಗತಿ. ಹಿಂದೆ ಕವಚವಿಟ್ಟು ಕೆಡಿಸುತ್ತಿದ್ದರು; ಈಗ ಸಾಮಾನ್ಯ ಗಾಡಿಯಿಂದ ಕವಚವನ್ನು ಕಿತ್ತು ಅಪೂರ್ವವೆಂದು ತೋರಿಸಬಹುದು. ಕವಚವಿಲ್ಲದೆ ಇರುವುದರಿಂದಲೇ ಯಾವುದನ್ನೂ ಸಿದ್ಧಪಡಿಸುವಂತಿಲ್ಲವೆಂಬುದು ಸ್ಪಷ್ಟ. ಅಭಾವಕ್ಕೂ ಸಾಕ್ಷ್ಯ ಬೇಕು: ಕವಚದ ತಿರುಪುಗಳಿಗಾಗಿ ಕೊರೆದ ತೂತುಗಳು ಇವೆಯೋ ಇಲ್ಲವೋ, ರೇಡಿಯೋ ಕೂರುವೆಡೆಯಲ್ಲಿ ಹಲಗೆಯು ಹೇಗಿದೆ, ಆಂಟೆನಾದ ರಂಧ್ರವು ಉಂಟೋ ಎಂದು ಒಂದನ್ನೊಂದು ಕೂಡಿಸಿ ನೋಡಬೇಕು.

ಹಾಗಾದರೆ ಮೂಲಸ್ಥಿತಿಯನ್ನು ನಿರ್ಣಯಿಸುವುದಕ್ಕೆ ಇರುವ ಆಧಾರಗಳಾವುವು? ಕಾರ್ಖಾನೆಯವರು ತಮ್ಮ ಕೆಲಸಗಾರರಿಗಾಗಿ ಸಿದ್ಧಪಡಿಸಿದ ಜೋಡಣೆಯ ಕೈಪಿಡಿಗಳು ಉಳಿದಿವೆ. ಈಚೆಗೆ ಅವನ್ನು ಮರುಮುದ್ರಿಸಿಯೂ ಇದ್ದಾರೆ. ಒಂದೊಂದು ಹಾಳೆಯಲ್ಲಿ ಒಂದೊಂದು ಭಾಗದ ಚಿತ್ರ, ತಿದ್ದುಪಡಿಗಳು, ತಿದ್ದುಪಡಿಯ ತಾರೀಖುಗಳು. ೧೯೬೭ರ ಸುಮಾರಿನಿಂದ ಆಚೆಗೆ ಪೆಟ್ರೋಲಿನ ತೊಟ್ಟಿಯ ನೆತ್ತಿಯ ಮೇಲೆ ಒಂದು ಕಾಗದವನ್ನು ಅಂಟಿಸುತ್ತಿದ್ದರು. ಅದರಲ್ಲಿ ಆ ಗಾಡಿಗೆ ಏನೇನು ಸೇರಿಸಬೇಕೆಂಬ ಪಟ್ಟಿಯಿರುತ್ತದೆ. ಇವೆಲ್ಲವೂ ಬಹು ಮುಖ್ಯ. ಆದರೆ ಇವು ಲಕ್ಷಣಗ್ರಂಥದ ಜಾತಿಗೆ ಸೇರಿದುವು, ಲಕ್ಷ್ಯವಲ್ಲ. ತಂತಿ ಹೇಗೆ ಹೋಗಬೇಕೆಂದು ಕೈಪಿಡಿ ಹೇಳುತ್ತದೆ. ಹೇಗೆ ಹೋಯಿತೆಂದು ಹೇಳುವುದಿಲ್ಲ. ಕೇಶಿರಾಜನ ಸೂತ್ರಕ್ಕೆ ಹೊಂದದ ಪ್ರಯೋಗವು ಪಂಪನಲ್ಲಿ ಕಂಡರೆ ಪಂಪನನ್ನು ತಿದ್ದಲು ಯಾರೂ ಹೊರಡುವುದಿಲ್ಲ. ಇಲ್ಲಿಯೂ ಅದೇ ನ್ಯಾಯ ನಡೆಯಬೇಕು. ಸೇಂಟ್ ಲೂಯಿಯ ಸಾಲಿನಲ್ಲಿ ನಿಂತವನ ಕೈಗೆ ಚಿತ್ರದಲ್ಲಿದ್ದ ಹಿಡಿಕೆ ಸಿಕ್ಕದಿದ್ದ ದಿನ ಮತ್ತೊಂದು ಹಿಡಿಕೆಯಿಂದ ತಂತಿಯನ್ನು ಬಿಗಿದಿರಬಹುದು. ಗಾಡಿ ಮುಂದೆ ಸಾಗುತ್ತಿದೆ. ಚಿತ್ರವನ್ನು ನೋಡುತ್ತ ನಿಲ್ಲಲು ಅವನಿಗೆ ಪುರಸತ್ತೆಲ್ಲಿ?

ಇದಲ್ಲದೆ, ಕರ್ತೃವು ಒಬ್ಬನಲ್ಲ. ೧೯೬೪ರಿಂದ ೧೯೬೭ರ ವರೆಗೆ ಸುಮಾರು ಅರ್ಧದಷ್ಟು ಗಾಡಿಗಳ ಮೈಗಳು ಸೇಂಟ್ ಲೂಯಿಯಲ್ಲಿ ತಯಾರಾಗದೆ ಮಿಷಿಗನ್ನಿನ ಅಯೋನಿಯಾದಲ್ಲಿ ಎ. ಓ. ಸ್ಮಿತ್ ಎಂಬ ಕಂಪನಿಯಲ್ಲಿ ತಯಾರಾಗಿ ಬಂದುವು. ಚಿಕ್ಕ ಎಂಜಿನ್ನುಗಳು ಫ್ಲಿಂಟಿನಿಂದಲೂ ದೊಡ್ಡವು ನ್ಯೂಯಾರ್ಕ್ ಪ್ರಾಂತದ ಟೋನವಾಂಡಾದಿಂದಲೂ ಬರುತ್ತಿದ್ದುವು. ತಂತಿಗಳು ಓಹಾಯೋದ ವಾರೆನ್ನಿನಲ್ಲಿದ್ದ ಪ್ಯಾಕರ್ಡ್ ಎಲೆಕ್ಟ್ರಿಕ್ ಕಾರ್ಖಾನೆಯವು. ಇದನ್ನು ೧೮೯೦ರಲ್ಲಿ ಪ್ಯಾಕರ್ಡ್ ಸಹೋದರರು ಸ್ಥಾಪಿಸಿದರು. ೧೯೩೨ರಲ್ಲಿ ಜನರಲ್ ಮೋಟರ್ಸಿನವರು ಕೊಂಡರು. ಒಂದೇ ಓಲೆಕಟ್ಟಿನಲ್ಲಿ ನಾಲ್ಕು ಲಿಪಿಕಾರರ ಕೈಬರಹ ಕಂಡಂತೆ ಇವರೆಲ್ಲರ ಕೈ ಒಂದು ಗಾಡಿಯಲ್ಲಿ ಕಾಣುತ್ತದೆ. ಮೈಯ ಎರಡು ಶಾಖೆಗಳನ್ನು ಗುರುತಿನ ತಗಡಿನ ಮೇಲಿನ ಅಕ್ಷರದಿಂದ ತಿಳಿಯಬಹುದು. ಅಯೋನಿಯಾದ ಮೈಯನ್ನು ಸೇಂಟ್ ಲೂಯಿಯ ಪದ್ಧತಿಗೆ ತಂದು ನಿಲ್ಲಿಸುವುದು ಒಂದು ಶಾಖೆಯ ಪಾಠದಿಂದ ಮತ್ತೊಂದು ಶಾಖೆಯನ್ನು ತಿದ್ದಿದಂತೆ.

ಕೊನೆಗೆ ಉಳಿಯುವ ದೊಡ್ಡ ಸಾಕ್ಷಿ ಎಂದರೆ, ಯಾರ ಕೈಯೂ ತಾಕದೆ ಉಳಿದ ಹಳೆಯ ಗಾಡಿಯೇ. ಅದರ ತಂತಿಗಳನ್ನು ಓದುವುದಕ್ಕೂ ಒಂದು ಕಲೆಯುಂಟು. ಅರವತ್ತರ ದಶಕದ ಈ ಕಂಪನಿಯ ಗಾಡಿಗಳಲ್ಲಿ ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರಿಗೆ ಹೋಗುವ ತಂತಿ ನೇರಿಳೆ. ನೀರಿನ ಬಿಸಿಯನ್ನು ತಿಳಿಸುವ ತಂತಿ ಕಡುಹಸುರು. ಬೀಗದ ಕೈ ತಿರುಗಿಸಿದಾಗ ಜೀವಗೊಳ್ಳುವ ತಂತಿ ಗುಲಾಬಿ. ಅರ್ತ್ ತಂತಿ ಕಪ್ಪು. ಹೇಳುವುದು ಸುಲಭ. ಐವತ್ತು ವರ್ಷ ಎಣ್ಣೆ, ಕಾವು, ಧೂಳು ತಿಂದ ಮೇಲೆ ಗುಲಾಬಿಯೂ ಬೂದು, ನೇರಿಳೆಯೂ ಬೂದು. ಆಗ ಕಟ್ಟಿನ ಮೇಲಿನ ಸುತ್ತನ್ನು ಒಂದಂಗುಲ ಬಿಡಿಸಿ ಒಳಗೆ ನೋಡಬೇಕು. ಬೆಳಕು ಕಾಣದ ಆ ಎಡೆಯಲ್ಲಿ ಬಣ್ಣವು ಕಾರ್ಖಾನೆಯನ್ನು ಬಿಟ್ಟ ದಿನದಂತೆಯೇ ಇರುವುದುಂಟು. ಮೊದಲ ವರ್ಷಗಳ ಗಾಡಿಗಳಲ್ಲಿಯಾದರೆ ತಂತಿಯ ಹೊದಿಕೆ ಮೆರುಗೆಣ್ಣೆ ಹಚ್ಚಿದ ಹತ್ತಿನೂಲಿನ ಹೆಣಿಗೆಯದು. ಅದು ಮುಟ್ಟಿದರೆ ಉದುರುವ ಸ್ಥಿತಿಗೆ ಬಂದಿರುತ್ತದೆ. ಗೆದ್ದಲು ತಿಂದ ಗರಿಯನ್ನು ತಿರುವಿದವರಿಗೆ ಅಲ್ಲಿ ಬೇಕಾದ ಕೈಯ ಹಗುರತೆಯನ್ನು ವರ್ಣಿಸಬೇಕಾಗಿಲ್ಲ.

ಈ ಶಾಸ್ತ್ರವನ್ನು ಕ್ರಮಪಡಿಸಿದವರು ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ ಎಂಬ ಸಂಘದವರು. ಸಂಘವು ೧೯೭೪ರಲ್ಲಿ ಸ್ಥಾಪಿತವಾಯಿತು. ಅದರ ಪತ್ರಿಕೆಯೂ ನಮ್ಮದರಂತೆ ತ್ರೈಮಾಸಿಕವೆಂಬುದು ನನಗೆ ಸಂತೋಷಕೊಟ್ಟ ಸಂಗತಿ. ಗಾಡಿಯು ಕಾರ್ಖಾನೆಯಿಂದ ಹೊರಟು ಮಾರಾಟಗಾರನ ಕೈಯಿಂದ ಗಿರಾಕಿಗೆ ಸಲ್ಲುವ ಹೊತ್ತಿನಲ್ಲಿ ಹೇಗಿದ್ದಿತೋ ಅದೇ ಇವರ ಪ್ರಮಾಣ. ಒಂದೊಂದು ಭಾಗವನ್ನೂ ರೂಪ, ತಾರೀಖು, ಪೂರ್ಣತೆ, ಜೋಡಣೆ, ಮೆರುಗು ಎಂದು ಐದು ಮುಖಗಳಿಂದ ಪರೀಕ್ಷಿಸುತ್ತಾರೆ. ಇವರ ತತ್ವದಲ್ಲಿ ಮೆಚ್ಚಬೇಕಾದ ಅಂಶವೆಂದರೆ ದೋಷಗಳಿಗೂ ಕೊಟ್ಟಿರುವ ಮನ್ನಣೆ. ಬಣ್ಣ ಸಿಂಪಡಿಸುವಾಗ ಪಕ್ಕದ ತಂತಿಯ ಮೇಲೆ ಹನಿ ಬಿದ್ದಿದ್ದರೆ, ಆ ಹನಿ ಇರಬೇಕು. ಅದನ್ನು ಒರಸಿ ಹೊಳೆಯಿಸಿದವನಿಗೆ ಅಂಕ ಕಡಮೆ. ಕಾರ್ಖಾನೆಗಿಂತ ಚೆನ್ನಾಗಿ ಮಾಡುವುದು ತಪ್ಪೆಂದು ಹೇಳಲು ಧೈರ್ಯಬೇಕು. ಕವಿಗಿಂತ ಒಳ್ಳೆಯ ಪದ್ಯವನ್ನು ಬರೆಯಬಲ್ಲ ಸಂಪಾದಕರು ನಮ್ಮಲ್ಲಿ ಹೆಚ್ಚು. ಅವರಿಗೆ ಅಂಕ ಕಳೆಯುವವರು ಯಾರೂ ಇಲ್ಲ.

ಆದರೆ ಐದು ಮುಖಗಳಲ್ಲಿ ತಾರೀಖು ಎಂಬುದೊಂದಿದೆಯಷ್ಟೆ. ನನ್ನ ಆಕ್ಷೇಪಣೆ ಇರುವುದು ಇಲ್ಲಿ. ಪ್ಯಾಕರ್ಡ್ ಕಾರ್ಖಾನೆಯ ಪ್ಲಗ್ಗಿನ ತಂತಿಗಳ ಮೈಮೇಲೆ ತಯಾರಕರ ಹೆಸರೂ, ರೇಡಿಯೋ ಮತ್ತು ಟೆಲಿವಿಷನ್ನಿಗೆ ಅಡಚಣೆಮಾಡದ ತಂತಿಯೆಂಬ ಸೂಚನೆಯೂ, ವರ್ಷದ ಯಾವ ಕಾಲುಭಾಗದಲ್ಲಿ ತಯಾರಾಯಿತೆಂಬ ಗುರುತೂ ಅಚ್ಚಾಗಿರುತ್ತಿದ್ದುವು. ಉದಾಹರಣೆಗೆ, ೧೯೬೬ರ ಮೂರನೆಯ ತ್ರೈಮಾಸಿಕ ಎಂದು. ಈ ಗುರುತು ಕಾಲನಿರ್ಣಯಕ್ಕೆ ಅಮೂಲ್ಯವಾದುದು. ಗಾಡಿ ಕಟ್ಟಿದ ತಾರೀಖಿಗಿಂತ ಈಚಿನ ತ್ರೈಮಾಸಿಕವನ್ನು ಹೊತ್ತ ತಂತಿ ಆ ಗಾಡಿಯ ಹುಟ್ಟುತಂತಿಯಾಗಲಾರದು; ಸ್ವಲ್ಪ ಹಿಂದಿನದಾದರೆ ಆಗಬಹುದು. ಇಷ್ಟು ಸರಳವಾಗಿ ಸಾಗುತ್ತಿದ್ದ ತರ್ಕವು ಈಗ ನಡೆಯುವಂತಿಲ್ಲ. ಏಕೆಂದರೆ, ಹಳೆಯ ಗಾಡಿಗಳ ಜೀರ್ಣೋದ್ಧಾರಕ್ಕೆಂದೇ ಹೊಸದಾಗಿ ತಂತಿಗಳನ್ನು ಮಾಡಿ, ಗಿರಾಕಿ ಕೇಳಿದ ತ್ರೈಮಾಸಿಕವನ್ನು ಅವುಗಳ ಮೇಲೆ ಅಚ್ಚೊತ್ತಿ ಮಾರುವ ಅಂಗಡಿಗಳು ಹುಟ್ಟಿಕೊಂಡಿವೆ. ಇದು ಗುಟ್ಟಿನ ವ್ಯಾಪಾರವಲ್ಲ. ಬೆಲೆಪಟ್ಟಿಯಲ್ಲಿ ಬಹಿರಂಗವಾಗಿಯೇ ಇದೆ. ತಂತಿಯ ಹೊದಿಕೆಯೂ ಅಕ್ಷರದ ಮೋಡಿಯೂ ಮೂಲದಂತೆಯೇ ಇರುತ್ತವೆ. ತಾರೀಖು ಮಾತ್ರ ಹುಸಿ.

ಇದನ್ನು ಓದಿದಾಗ ನನಗೆ ನೆನಪಾದುದು ಗಂಗರ ತಾಮ್ರಶಾಸನಗಳ ವಿಷಯದಲ್ಲಿ ಫ್ಲೀಟರಿಗೂ ರೈಸರಿಗೂ ನಡೆದ ದೀರ್ಘ ವಿವಾದ. ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ಸಾಧಿಸಹೊರಟರು. ಲಿಪಿ ಹೇಳುವ ಕಾಲಕ್ಕೂ ಪಾಠ ಹೇಳುವ ಕಾಲಕ್ಕೂ ಹೊಂದಿಕೆಯಿಲ್ಲವೆಂಬುದು ಅವರ ಆಯುಧಗಳಲ್ಲೊಂದು. ರೈಸರು ಅವರ ತೀರ್ಮಾನವನ್ನು ಒಪ್ಪಲಿಲ್ಲ. ಯಾರದು ಎಷ್ಟು ಸರಿಯೆಂಬುದು ಇಲ್ಲಿ ಪ್ರಸ್ತುತವಲ್ಲ. ಕೂಟಶಾಸನವು ಸಿಕ್ಕಿಬೀಳುವುದು ಹೊಂದಿಕೆ ತಪ್ಪಿದಾಗ. ಇಂದಿನ ತಂತಿಯಲ್ಲಿ ಹೊಂದಿಕೆ ತಪ್ಪುವುದೇ ಇಲ್ಲ. ಎಂಟು ತಂತಿಗಳಲ್ಲಿ ಎಂಟೂ ಒಂದೇ ತ್ರೈಮಾಸಿಕವನ್ನು ಹೊತ್ತು, ಗಾಡಿಯ ತಾರೀಖಿಗೆ ಸರಿಯಾಗಿ ಕೂಡಿಬಂದರೆ, ನಾನಾದರೋ ಸಂಶಯಪಡಲು ತೊಡಗುತ್ತೇನೆ. ನಲವತ್ತು ಐವತ್ತು ವರ್ಷ ಓಡಿದ ಗಾಡಿಯ ಪ್ಲಗ್ಗಿನ ತಂತಿಯನ್ನು ಯಾರೂ ಒಮ್ಮೆಯೂ ಬದಲಿಸಲಿಲ್ಲವೆಂದರೆ ನಂಬುವುದು ಕಷ್ಟ.

ಅಂಗಡಿಯವರನ್ನು ಕೂಟಕಾರರೆಂದು ನಾನು ದೂರುವುದಿಲ್ಲ. ಪ್ರತಿಗೂ ಕೂಟಕ್ಕೂ ಭೇದವಿರುವುದು ವಸ್ತುವಿನಲ್ಲಲ್ಲ, ಅದರ ಜೊತೆಗೆ ಹೇಳಿದ ಮಾತಿನಲ್ಲಿ. ಓಲೆಯ ಪ್ರತಿಕಾರನು ಮೂಲದ ಕಾಲವನ್ನು ಹಾಗೆಯೇ ಬರೆದು, ಕೆಳಗೆ ತನ್ನ ಹೆಸರನ್ನೂ ತಾನು ಬರೆದ ಸಂವತ್ಸರವನ್ನೂ ಬರೆದರೆ ಅದು ಪ್ರತಿ. ಬರೆಯದೆ ಬಿಟ್ಟರೆ ಮುಂದಿನವರಿಗೆ ಮೋಸವಾಗುತ್ತದೆ, ಆತನ ಮನಸ್ಸಿನಲ್ಲಿ ಮೋಸವಿಲ್ಲದಿದ್ದರೂ. ಹೊಸ ತಂತಿಯ ಮೇಲೆ ಹಳೆಯ ಗುರುತಿನ ಜೊತೆಗೆ, 'ಇದು ಇಂತಹ ವರ್ಷದಲ್ಲಿ ಮಾಡಿದ ಪ್ರತಿ' ಎಂದು ಸಣ್ಣ ಅಕ್ಷರದಲ್ಲಿ ಕವಚದಡಿ ಅಡಗುವಂತೆ ಒತ್ತಿದ್ದರೆ ಯಾರಿಗೆ ನಷ್ಟ? ಪರೀಕ್ಷಕರು ತಾರೀಖಿಗೆ ಅಂಕ ಕೊಡುವ ವರೆಗೂ ಇದು ನಡೆಯುವ ಹಾಗೆ ಕಾಣುವುದಿಲ್ಲ. ಸತ್ಯವನ್ನು ಕಾಪಾಡಲು ಹುಟ್ಟಿದ ನಿಯಮವು ಹುಸಿ ತಾರೀಖಿಗೆ ಗಿರಾಕಿಯನ್ನು ಒದಗಿಸುತ್ತಿದೆ.

ಇದೇ ಗಾಡಿಯ ಚರಿತ್ರೆಯಲ್ಲಿ ಇದಕ್ಕೆ ಒಂದು ಒಳ್ಳೆಯ ನಿದರ್ಶನವುಂಟು. ೨೦೧೪ನೆಯ ಫೆಬ್ರವರಿ ೧೨ರಂದು ಕೆಂಟಕಿ ಪ್ರಾಂತದ ಬೌಲಿಂಗ್ ಗ್ರೀನ್ ಊರಿನ ಕಾರ್ವೆಟ್ ವಸ್ತುಸಂಗ್ರಹಾಲಯದಲ್ಲಿ ನೆಲ ಕುಸಿದು ಎಂಟು ಗಾಡಿಗಳು ಹಳ್ಳಕ್ಕೆ ಬಿದ್ದುವು. ಮೂರನ್ನು ಮಾತ್ರ ಸರಿಪಡಿಸಿದರು. ಐದನ್ನು ಜಜ್ಜಿಹೋದ ಸ್ಥಿತಿಯಲ್ಲಿಯೇ ಉಳಿಸಿದರು. ಸರಿಪಡಿಸಿದವುಗಳಲ್ಲಿ ೧೯೯೨ರಲ್ಲಿ ಕಟ್ಟಿದ ಹತ್ತು ಲಕ್ಷದನೆಯ ಕಾರ್ವೆಟ್ ಒಂದು. ಅದನ್ನು ಕಟ್ಟಿದ ಕೆಲಸಗಾರರು ಅದರ ಭಾಗಗಳ ಮೇಲೆ ತಮ್ಮ ಸಹಿಗಳನ್ನು ಹಾಕಿದ್ದರು. ಹೊಸ ಭಾಗಗಳನ್ನು ಕೂರಿಸುವುದು ಸುಲಭವಾಗಿದ್ದಿತು. ಹಾಗೆ ಮಾಡದೆ, ಸಹಿಯಿದ್ದ ಭಾಗಗಳನ್ನು ಸಾಧ್ಯವಾದಷ್ಟೂ ತಿದ್ದಿ ತೀಡಿ ಉಳಿಸಿದರು. ಎರಡು ಭಾಗಗಳು ಮಾತ್ರ ಉಳಿಯುವಂತಿರಲಿಲ್ಲ. ಅವುಗಳ ಮೇಲಿನ ಸಹಿಗಳ ಪಡಿಯಚ್ಚನ್ನು ತೆಗೆದು ಹೊಸ ಭಾಗಗಳ ಮೇಲೆ ಅಂಟಿಸಿ, ಹಾಗೆ ಮಾಡಿದೆವೆಂದು ಪ್ರಕಟಿಸಿದರು. ಪ್ರಕಟಿಸಿದುದರಿಂದ ಅದು ಪ್ರತಿ.

ಹಳೆಯ ತಂತಿಯನ್ನು ಹಾಗೆಯೇ ಇರಿಸಬೇಕೆಂದು ಎಲ್ಲ ಕಡೆಯೂ ಹಟಹಿಡಿಯುವಂತಿಲ್ಲವೆಂಬುದನ್ನು ಒಪ್ಪುತ್ತೇನೆ. ಓಲೆ ಹರಿದರೆ ಪದ್ಯ ಹೋಗುತ್ತದೆ. ತಂತಿಯ ಹೊದಿಕೆ ಹರಿದರೆ ಗಾಡಿಗೆ ಬೆಂಕಿ ಬೀಳುತ್ತದೆ. ಗಾಜು ಉರಿಯದಿದ್ದರೂ ಅದನ್ನು ಹಿಡಿದಿರುವ ರಾಳವು ಉರಿಯುವ ಪದಾರ್ಥ. ಆದುದರಿಂದ ರಸ್ತೆಯ ಮೇಲೆ ಓಡತಕ್ಕ ಗಾಡಿಯಲ್ಲಿ ಬ್ಯಾಟರಿಯಿಂದ ನೇರವಾಗಿ ಬರುವ ದಪ್ಪ ತಂತಿಯ ಹೊದಿಕೆ ಒಡೆದಿದ್ದರೆ ಅದನ್ನು ಬದಲಿಸಲೇಬೇಕು. ನನಗೆ ಸರಿಯೆಂದು ತೋರುವುದು ಇಷ್ಟು: ಇಡಿಯ ಕಟ್ಟನ್ನು ಕಿತ್ತು ಅಂಗಡಿಯ ಹೊಸ ಕಟ್ಟನ್ನು ಹಾಕುವುದಕ್ಕಿಂತ, ಕೆಟ್ಟ ತಂತಿಯೊಂದನ್ನೇ ಬಿಡಿಸಿ, ಅದೇ ಬಣ್ಣದ, ಅದೇ ಗಾತ್ರದ ತಂತಿಯನ್ನು ಹೆಣೆಯಬೇಕು. ಮುಟ್ಟುವ ಮೊದಲು ಪಟ ತೆಗೆಯಬೇಕು. ಯಾವ ಹಿಡಿಕೆಯಲ್ಲಿ ಯಾವ ತಂತಿ, ಯಾವುದರ ಮೇಲೆ ಯಾವುದು ಹಾಯ್ದಿದೆ ಎಂದು ಬರೆದಿಡಬೇಕು. ಹಿಂದಿನ ಯಾವನೋ ಮೆಕಾನಿಕನು ಸುತ್ತಿದ ಅಂಟುಪಟ್ಟಿಯನ್ನು ತೆಗೆಯುವಾಗಲೂ ಸ್ವಲ್ಪ ಯೋಚಿಸಬೇಕು, ಅದರ ಅಡಿಯಲ್ಲಿಯೇ ಮೂಲದ ಬಣ್ಣ ಉಳಿದಿರಬಹುದು.

೧೯೯೦ರಲ್ಲಿ, ಜೀರ್ಣೋದ್ಧಾರವೇ ಆಗದೆ ಉಳಿದ ಗಾಡಿಗಳಿಗೆ ಪ್ರತ್ಯೇಕ ಮನ್ನಣೆ ಕೊಡುವ ಏರ್ಪಾಡು ಬ್ಲೂಮಿಂಗ್ಟನ್ ಗೋಲ್ಡ್ ಎಂಬ ಕೂಟದಲ್ಲಿ ಆರಂಭವಾಯಿತು. ಮಾಸಿದ ಬಣ್ಣ, ಬಿರಿದ ಹೊದಿಕೆ, ಸವೆದ ಆಸನ ಇವೇ ಅಲ್ಲಿ ಗೌರವದ ಲಕ್ಷಣಗಳು. ಅದಕ್ಕಿಂತ ಮೊದಲಿನ ವರ್ಷಗಳಲ್ಲಿ ಹೊಳಪಿಗೆ ಬಹುಮಾನ ಕೊಟ್ಟು ಕೊಟ್ಟು ಎಷ್ಟು ಸಾಕ್ಷ್ಯ ನಷ್ಟವಾಯಿತೋ ಲೆಕ್ಕವಿಲ್ಲ. ಹೊಸ ಕಟ್ಟನ್ನು ಹಾಕಿದ ಮೇಲೆ ಹಳೆಯ ಕಟ್ಟನ್ನು ಕಸದ ಬುಟ್ಟಿಗೆ ಎಸೆಯುವುದು ಈಗಲೂ ಅನೇಕರ ವಾಡಿಕೆ. ತೆಗೆದ ತಂತಿಯನ್ನು ಸುರುಳಿ ಸುತ್ತಿ, ಗಾಡಿಯ ಸಂಖ್ಯೆಯನ್ನೂ ತೆಗೆದ ತಾರೀಖನ್ನೂ ಬರೆದ ಚೀಟಿಯೊಂದನ್ನು ಕಟ್ಟಿ, ಹಿಂದುಗಡೆಯ ಬಿಡಿಚಕ್ರದ ಪಕ್ಕದಲ್ಲಿ ಒಂದು ಚೀಲದಲ್ಲಿ ಇಟ್ಟರೆ ಅದು ಗಾಡಿಯೊಡನೆಯೇ ಮುಂದಿನ ಒಡೆಯನಿಗೆ ಹೋಗುತ್ತದೆ. ಅಷ್ಟಕ್ಕೆ ಬೇಕಾಗುವುದು ಒಂದು ಚೀಲ, ಒಂದು ಚೀಟಿ.